ಹಾಸನದ ಎರಡಂತಸ್ತಿನ ಮನೆ: ಸೆಂಟ್ರಲ್ ಎಸಿ ಇದ್ದರೂ ಮೇಲಿನ ರೂಮುಗಳು ಯಾಕೆ ತಂಪಾಗುವುದಿಲ್ಲ?

ಹಾಸನದಲ್ಲಿ ಹೊಸ ಮನೆ, ಎರಡೂ ಅಂತಸ್ತಿಗೆ ಸೇರಿ ಒಂದೇ ಡಕ್ಟಬಲ್ ಎಸಿ, ಅಂದರೆ ಒಂದು ಮಷೀನಿನ ತಣ್ಣನೆ ಗಾಳಿಯನ್ನು ಡಕ್ಟ್ ಎಂಬ ಕೊಳವೆಗಳಲ್ಲಿ ಎಲ್ಲ ರೂಮಿಗೂ ಕಳಿಸುವ ಎಸಿ. ಕೆಳಗೆ ಹಾಲ್‌ನಲ್ಲಿ ಚಳಿ, ಮೇಲೆ ಮಕ್ಕಳ ರೂಮಿನಲ್ಲಿ ಬೆವರು. ಇನ್ನೂ ದೊಡ್ಡ ಮಷೀನ್ ಹಾಕಿಸಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ನಾನು ಇದೇ ಊರಲ್ಲಿ ಡಕ್ಟ್ ಕೆಲಸ ಮಾಡುವವನು. ಕೆಳಗೆ ಅಷ್ಟು ತಣ್ಣಗಿದೆ ಅಂದರೆ ಮಷೀನ್ ಸಾಲುತ್ತಿದೆ, ಗಾಳಿಯ ಹಂಚಿಕೆ ಸರಿಯಿಲ್ಲ.

ಥರ್ಮೋಸ್ಟಾಟ್ (ಬಿಸಿ ಅಳೆದು ಎಸಿಯನ್ನು ಆನ್-ಆಫ್ ಮಾಡುವ ಸಾಧನ) ಕೆಳಗಿನ ಹಾಲ್‌ನಲ್ಲೇ ಇದೆ, ಅಲ್ವಾ? ಅಲ್ಲಿ 24 ಡಿಗ್ರಿ ಮುಟ್ಟಿದರೆ ಅದರ ಕೆಲಸ ಮುಗಿಯಿತು. ಮೇಲೆ 29 ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಜೊತೆಗೆ ತಣ್ಣನೆ ಗಾಳಿ ಭಾರ, ಮೆಟ್ಟಿಲ ದಾರಿಯಲ್ಲಿ ಕೆಳಗಿಳಿದುಬಿಡುತ್ತದೆ. ಎಸಿಯ ಫ್ಯಾನನ್ನು 'ಆಟೋ' ಬದಲು 'ಆನ್'ನಲ್ಲಿಟ್ಟರೆ ಎರಡೂ ಅಂತಸ್ತಿನ ಗಾಳಿ ಬೆರೆಯುತ್ತಿರುತ್ತದೆ. ಬೇಸಿಗೆಗೆ ಇದು ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಬೇಡ, ಗಾಳಿಯನ್ನು ತಣ್ಣಗಾಗಿಸುವ ಕಾಯಿಲ್ ಮೇಲಿನ ನೀರು ಮತ್ತೆ ಮನೆಯೊಳಗೇ ತೇವವಾಗಿ ಬರುತ್ತದೆ.

ಆಮೇಲೆ ಫಾಲ್ಸ್ ಸೀಲಿಂಗ್‌ನ ಮುಚ್ಚಳ ತೆಗೆದು ಡಕ್ಟ್ ಕವಲೊಡೆಯುವ ಜಾಗ ನೋಡಿ. ಡ್ಯಾಂಪರ್ (ಡಕ್ಟಿನೊಳಗೆ ಗಾಳಿ ಹೆಚ್ಚು ಕಡಿಮೆ ಮಾಡುವ ತಗಡು) ಹಾಕಿದ್ದರೆ ಹೊರಗೊಂದು ಸಣ್ಣ ಹಿಡಿ ಕಾಣುತ್ತದೆ. ಸಾಮಾನ್ಯವಾಗಿ ಹಿಡಿ ಡಕ್ಟಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಮೇಲಂತಸ್ತಿನದನ್ನು ಪೂರ್ತಿ ತೆರೆಯಿರಿ. ಕೆಳಗಿನದನ್ನು ಸ್ವಲ್ಪ ತಿರುಗಿಸಿ, ಒಂದು ದಿನ ನೋಡಿ, ಮತ್ತೆ ಸ್ವಲ್ಪ ತಿರುಗಿಸಿ. ಪೂರ್ತಿ ಮುಚ್ಚಲೇಬೇಡಿ, ಗಾಳಿ ಕಡಿಮೆಯಾದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಫಿಲ್ಟರ್‌ನಲ್ಲಿ ಧೂಳು ತುಂಬಿದ್ದರೂ ಇದೇ ಗತಿ.

ಮೇಲೆ ರಿಟರ್ನ್ ಗ್ರಿಲ್, ಅಂದರೆ ರೂಮಿನ ಗಾಳಿಯನ್ನು ಮಷೀನಿಗೆ ವಾಪಸ್ ಎಳೆಯುವ ಜಾಲರಿ, ಇದೆಯಾ? ಟಿಶ್ಯೂ ಪೇಪರ್ ಹಿಡಿದು ನೋಡಿ, ಗ್ರಿಲ್‌ಗೆ ಅಂಟಿಕೊಳ್ಳಬೇಕು. ಬಿಸಿಗಾಳಿ ಹೊರಹೋಗಲು ದಾರಿ ಇಲ್ಲದ ರೂಮಿಗೆ ತಣ್ಣನೆ ಗಾಳಿಯೂ ಸರಿಯಾಗಿ ನುಗ್ಗುವುದಿಲ್ಲ. ಮಕ್ಕಳು ಬಾಗಿಲು ಹಾಕಿಕೊಂಡು ಮಲಗುತ್ತಾರೆ ಅಂದರೆ ಬಾಗಿಲ ಕೆಳಗೆ ಸಂದಿಯಾದರೂ ಇರಲಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ತಾರಸಿ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಏಪ್ರಿಲ್‌ನಲ್ಲೂ ರಾತ್ರಿ ಹೊರಗೆ ತಂಪು. ಆದರೆ ಆ ಹೊತ್ತಿನಲ್ಲಿ ಮೇಲಿನ ರೂಮಿನಲ್ಲಿ ಸ್ಟೂಲ್ ಹತ್ತಿ, ಫಾಲ್ಸ್ ಸೀಲಿಂಗ್ ಇಲ್ಲದ ಕಡೆ ಆರ್‌ಸಿಸಿಗೆ ಅಂಗೈ ಇಟ್ಟು ನೋಡಿ. ಬೆಚ್ಚಗಿರುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ನಿಧಾನವಾಗಿ ರೂಮಿಗೆ ಬಿಡುತ್ತಿರುತ್ತದೆ. ದೊಡ್ಡ ಮಷೀನ್ ಹಾಕಿದರೆ ಈ ಬಿಸಿಯ ಜೊತೆ ಗುದ್ದಾಡಲು ಸುಮ್ನೆ ಕರೆಂಟ್ ಸುಡುತ್ತೀರಿ. ಅದೇ ದುಡ್ಡಲ್ಲಿ ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ. ಕೈಲಾದರೆ ಕಬ್ಬಿಣದ ಫ್ರೇಮ್ ನಿಲ್ಲಿಸಿ ಹೆಂಚು ಹಾಕಿಸಿ, ನಡುವೆ ಗಾಳಿ ಓಡಾಡಲಿ. ಮಳೆಗೂ ಆಯಿತು, ಬಟ್ಟೆ ಒಣಗಿಸಲೂ ಆಯಿತು. ಡಕ್ಟ್ ತಾರಸಿ ಮೇಲೆ ಹಾದುಹೋಗಿದ್ದರೆ ಅದರ ಇನ್ಸುಲೇಶನ್ ಹರಿದಿದೆಯಾ ಅಂತಲೂ ನೋಡಿಸಿ.

ಇಷ್ಟಾದ ಮೇಲೂ ಸರಿಹೋಗದಿದ್ದರೆ ತಾನಾಗಿಯೇ ತೆರೆದು ಮುಚ್ಚುವ ಮೋಟಾರ್ ಡ್ಯಾಂಪರ್ ಹಾಕಿ, ಮೇಲೆ ಕೆಳಗೆ ಬೇರೆ ಬೇರೆ ಥರ್ಮೋಸ್ಟಾಟ್ ಕೊಡಿಸಬಹುದು. ಒಂದೇ ಅಂತಸ್ತಿನ ಡ್ಯಾಂಪರ್ ತೆರೆದಿದ್ದಾಗ ಉಳಿದ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ಕೆಲಸದವರನ್ನು ಮೊದಲೇ ಕೇಳಿ. ಇದಕ್ಕೆ ಉತ್ತರ ಇಲ್ಲದವರಿಗೆ ಕೆಲಸ ಕೊಡಬೇಡಿ. ಅದಕ್ಕಿಂತ ಮಕ್ಕಳ ರೂಮಿಗೆ ಒಂದು ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಹಾಕಿಸುವುದೇ ವಾಸಿ.