ಕ್ರ್ಯಾಶ್ ಮಾಡಿದ್ದೀರಿ ಸರಿ, ಪಾತ್ ಮತ್ತೆ ನೋಡಿದ್ರಾ?

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದೋರಿಂದ ಸಬ್‌ಮಿಶನ್ ಟೈಮಲ್ಲಿ ಬರೋ ಪ್ರಶ್ನೆಗಳು ಹೆಚ್ಚೂಕಮ್ಮಿ ಯಾವಾಗ್ಲೂ ಅವೇ, ಕೇಳೋರು ಮಾತ್ರ ಬೇರೆ. ಶೆಡ್ಯೂಲಿಂಗ್ ನನ್ನ ಕೆಲಸ, ಜೊತೆಗೆ ಅಸೈನ್‌ಮೆಂಟ್ ತಿದ್ದೋದು, ವೈವಾ ತಗೊಳ್ಳೋದೂ ಇರುತ್ತೆ, ಹಂಗಾಗಿ ಒಂದೇ ತಪ್ಪನ್ನ ಪೇಪರ್ ಮೇಲೂ ನೋಡ್ತೀನಿ, ಆಮೇಲೆ ಸೈಟಲ್ಲೂ ನೋಡ್ತೀನಿ. ಫಾರ್ವರ್ಡ್ ಪಾಸ್ ಅಂದ್ರೇನು, ಫ್ಲೋಟ್ ಅಂದ್ರೇನು ಅಂತ ಇಲ್ಲಿ ಹೇಳ್ಕೊಡಲ್ಲ. ಅದು ಬರದೇ ಇದ್ರೆ ಮೊದ್ಲು ಕ್ಲಾಸ್ ನೋಟ್ಸ್ ತೆಗೀರಿ, ಆಮೇಲೆ ಇದನ್ನ ಓದಿ.

ಪ್ರಶ್ನೆ: ಸರ್, ಟೈಮ್-ಕಾಸ್ಟ್ ಅಸೈನ್‌ಮೆಂಟಲ್ಲಿ ಕ್ರಿಟಿಕಲ್ ಪಾತನ್ನ (ಪ್ರಾಜೆಕ್ಟ್ ಎಷ್ಟು ದಿನ ಅಂತ ನಿರ್ಧರಿಸೋ ಎಲ್ಲಕ್ಕಿಂತ ಉದ್ದದ ದಾರಿ) ಸಾಫ್ಟ್‌ವೇರಲ್ಲೇ ತೆಗೆದೆ. ಅದ್ರಲ್ಲಿ ಯಾವ ಆಕ್ಟಿವಿಟಿ ಕಾಸ್ಟ್ ಸ್ಲೋಪ್ (ಒಂದು ದಿನ ಇಳಿಸೋಕೆ ಆಗೋ ಎಕ್ಸ್‌ಟ್ರಾ ಖರ್ಚು) ಕಮ್ಮಿ ಇತ್ತೋ ಅದನ್ನ ಎಷ್ಟು ಆಗುತ್ತೋ ಅಷ್ಟೂ ಕ್ರ್ಯಾಶ್ ಮಾಡಿದೆ, ಅಂದ್ರೆ ದುಡ್ಡು ಹಾಕಿ ದಿನ ಇಳಿಸಿದೆ. ಕೂಡಿ ಕಳೆಯೋದ್ರಲ್ಲಿ ಎಲ್ಲೂ ತಪ್ಪಿಲ್ಲ, ಆದ್ರೂ ಅರ್ಧ ಮಾರ್ಕ್ಸ್ ಹೋಯ್ತು. ಯಾಕೆ?

ಕೂಡಿ ಕಳೆಯೋಕೆ ಅಂತ ಯಾರೂ ಈ ಸಬ್ಜೆಕ್ಟ್ ಇಟ್ಟಿಲ್ಲ, ಅದಕ್ಕೆ. ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದ್ರೆ ಈ ಸಲ ಕೂತು ಒಂದು ಲೆಕ್ಕ ಪೂರ್ತಿ ಬಿಡಿಸೇ ಬಿಡ್ತೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ತೋರಿಸೋದು.

ಒಂದು ಸಣ್ಣ ಶೆಡ್ ಅಂದ್ಕೊಳ್ಳಿ. ಪಾಯ ಅಗೆಯೋಕೆ 4 ದಿನ, ಆಮೇಲೆ ಫೂಟಿಂಗ್ 6 ದಿನ, ಅದಾದ್ಮೇಲೆ ಕಾಲಮ್ 8 ದಿನ. ಇನ್ನೊಂದು ಕಡೆ ವರ್ಕ್‌ಶಾಪಲ್ಲಿ ಉಕ್ಕಿನ ಟ್ರಸ್ (ಚಾವಣಿ ಹೊರೋ ಚೌಕಟ್ಟು) ತಯಾರಾಗ್ತಾ ಇರುತ್ತೆ, ಅದು ಮೊದಲ ದಿನದಿಂದ್ಲೇ ಶುರು, 15 ದಿನ ಬೇಕು. ಕಾಲಮ್ಮೂ ಮುಗಿದು ಟ್ರಸ್ಸೂ ಬಂದ್ಮೇಲೆ ಟ್ರಸ್ ಏರಿಸೋದು 5 ದಿನ, ಕೊನೆಗೆ ನೆಲದ ಕೆಲಸ 4 ದಿನ. ಪಾಯ ಅಗೆದ ಮೇಲೆ ನೆಲದಡಿಯ ಡ್ರೈನೇಜ್ ಲೈನ್ 7 ದಿನ, ಅದು ನೆಲಕ್ಕೆ ಮುಂಚೆ ಮುಗಿದಿರ್ಬೇಕು.

ಪಾಯ-ಫೂಟಿಂಗ್-ಕಾಲಮ್-ಏರಿಸೋದು-ನೆಲ ದಾರಿ 27 ದಿನ. ವರ್ಕ್‌ಶಾಪ್ ದಾರಿ 24. ಡ್ರೈನೇಜ್ ದಾರಿ 15, ಅದನ್ನ ಮರೆತುಬಿಡಿ. ಹಾಗಾಗಿ ಪ್ರಾಜೆಕ್ಟ್ 27 ದಿನ, ಕಾಲಮ್ ಇರೋ ದಾರಿನೇ ಕ್ರಿಟಿಕಲ್. ಇಲ್ಲೇ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. "ಯಾವ ಆಕ್ಟಿವಿಟಿಗೆ ಜಾಸ್ತಿ ದಿನ ಬೇಕೋ ಅದೇ ಕ್ರಿಟಿಕಲ್" ಅಂತ ಶಾರ್ಟ್‌ಕಟ್ ಹೇಳ್ಕೊಡೋ ಟ್ಯೂಶನ್ ವೀಡಿಯೋಗಳು ಓಡಾಡ್ತಿವೆ. ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ದಿನದ್ದು ಟ್ರಸ್ ತಯಾರಿ, ಅದಕ್ಕೆ 3 ದಿನ ಫ್ಲೋಟ್ ಇದೆ, ಅಂದ್ರೆ 3 ದಿನ ಲೇಟಾದ್ರೂ ಪ್ರಾಜೆಕ್ಟ್ ಲೇಟಾಗಲ್ಲ. ಆ ವೀಡಿಯೋ ಮಾಡಿದ ಪುಣ್ಯಾತ್ಮ ಒಂದಾದ್ರೂ ನೆಟ್‌ವರ್ಕ್ (ಆಕ್ಟಿವಿಟಿಗಳ ಲಿಂಕ್ ತೋರಿಸೋ ಚಿತ್ರ) ಕೈಯಲ್ಲಿ ಬರೆದಿದ್ದಾನಾ ಅಂತ ನಂಗೆ ಅನುಮಾನ.

ಈಗ ಕ್ರ್ಯಾಶ್. ಕಾಲಮ್ಮನ್ನ 8ರಿಂದ 4ಕ್ಕೆ ಇಳಿಸಬಹುದು, ದಿನಕ್ಕೆ 300 ಖರ್ಚು. ಟ್ರಸ್ ತಯಾರಿ ಇಳಿಸೋಕೆ ದಿನಕ್ಕೆ 500. ಏರಿಸೋದನ್ನ ಒಂದೇ ದಿನ ಇಳಿಸಬಹುದು, ಅದಕ್ಕೆ 600. ಪಾಯ, ಫೂಟಿಂಗ್, ನೆಲ ಮುಟ್ಟೋ ಹಾಗಿಲ್ಲ. ಇನ್‌ಡೈರೆಕ್ಟ್ ಕಾಸ್ಟ್, ಅಂದ್ರೆ ಕೆಲಸ ನಡೆಯೋ ಪ್ರತಿ ದಿನಕ್ಕೂ ಬೀಳೋ ಖರ್ಚು, ದಿನಕ್ಕೆ 700.

ನಿಮ್ಮ ಅಸೈನ್‌ಮೆಂಟನ್ನ ಈ ಲೆಕ್ಕಕ್ಕೆ ಇಳಿಸಿ ನೋಡಿದ್ರೆ ನೀವು ಮಾಡಿದ್ದು ಏನು ಅಂದ್ರೆ, ಕಾಲಮ್ ಅಗ್ಗ ಅಂತ ನಾಲ್ಕೂ ದಿನ ಇಳಿಸಿ, 1200 ಖರ್ಚು, 4 ದಿನ ಉಳೀತು, 2800 ಮಿಕ್ತು, ನಿವ್ವಳ 1600 ಲಾಭ ಅಂತ ಬರೆದು ಅಡಿಗೆರೆ ಎಳೆದಿದ್ದೀರಿ. ಆದ್ರೆ ಕಾಲಮ್ 14ನೇ ದಿನಕ್ಕೆ ಮುಗಿದ್ರೂ ಟ್ರಸ್ ಬರೋದು 15ನೇ ದಿನದ ಕೊನೆಗೇ ಅಲ್ವಾ? ಏರಿಸೋದಕ್ಕೆ ಏನಿದೆ ಆಗ? ಪ್ರಾಜೆಕ್ಟ್ 23 ಆಗಲ್ಲ, 24ಕ್ಕೇ ನಿಲ್ಲುತ್ತೆ. ನಿಜವಾಗಿ ಉಳಿದಿದ್ದು 3 ದಿನ, ಅಂದ್ರೆ 2100, ಅದ್ರಲ್ಲಿ 1200 ಕಳೆದ್ರೆ 900. ನಾಲ್ಕನೇ ದಿನಕ್ಕೆ ಅಂತ ಸುರಿದ 300 ನೀರಲ್ಲಿ ಹೋಮ.

ಮಾಡಬೇಕಾದ್ದು ಒಂದೊಂದೇ ದಿನ ಇಳಿಸಿ, ಪ್ರತಿ ಸಲ ಎಲ್ಲಾ ದಾರಿಗಳನ್ನ ಮತ್ತೆ ನೋಡೋದು. ಬೋರ್ ಆಗುತ್ತೆ, ಗೊತ್ತು, ಆದ್ರೂ ಮಾಡಿ. ಕಾಲಮ್ಮಲ್ಲಿ 3 ದಿನ ಇಳಿಸಿದ್ಮೇಲೆ ಎರಡು ದಾರಿನೂ 24. ಈಗ ಎರಡೂ ಕ್ರಿಟಿಕಲ್. ಇಲ್ಲಿಂದ ಇನ್ನೊಂದು ದಿನ ಕಮ್ಮಿ ಆಗ್ಬೇಕು ಅಂದ್ರೆ ಒಂದೋ ಕಾಲಮ್ ಮತ್ತೆ ಟ್ರಸ್ ತಯಾರಿ ಎರಡನ್ನೂ ಒಟ್ಟಿಗೆ ಇಳಿಸಬೇಕು, 300 ಪ್ಲಸ್ 500, 800 ಆಯ್ತು. ಇಲ್ಲಾಂದ್ರೆ ಎರಡು ದಾರಿಗೂ ಸೇರಿದ ಏರಿಸೋದನ್ನ ಇಳಿಸಬೇಕು, 600. ನೋಡಿ, ಮೊದಲು ಎಲ್ಲಕ್ಕಿಂತ ದುಬಾರಿ ಅಂತ ನೀವು ತಿರುಗೂ ನೋಡದೇ ಇದ್ದ ಆಕ್ಟಿವಿಟಿನೇ ಈಗ ಅಗ್ಗ. ಅದನ್ನ ಒಂದು ದಿನ ಇಳಿಸಿದ್ರೆ 700 ಉಳಿದು 600 ಹೋಗುತ್ತೆ, 100 ಲಾಭ, ಪ್ರಾಜೆಕ್ಟ್ 23 ದಿನ. ಅಲ್ಲಿಂದ ಮುಂದೆ ಇರೋದು 800ರ ಜೋಡಿ ಮಾತ್ರ, ದಿನಕ್ಕೆ ಉಳಿಯೋದು 700, ಅಲ್ಲಿಗೆ ನಿಲ್ಲಿಸಿ. ಒಟ್ಟು ಖರ್ಚು 1500, ಉಳಿತಾಯ 2800, ನಿವ್ವಳ 1300. ನಿಮ್ಮ ಉತ್ತರದಲ್ಲೂ 23 ದಿನ ಅಂತಾನೇ ಇದೆ, ಅದಕ್ಕೇ ನಿಮಗೆ ಸರಿ ಅನ್ಸಿದ್ದು, ಆದ್ರೆ ಆ 23ಕ್ಕೆ ನೀವು ಹೋದ ದಾರೀಲಿ ಟ್ರಸ್ಸೇ ಬಂದಿರಲ್ಲ. ಅರ್ಧ ಮಾರ್ಕ್ಸ್ ಕೊಟ್ಟಿದ್ದಾರಲ್ಲ, ನಾನಾಗಿದ್ರೆ ಅಷ್ಟೂ ಕೊಡ್ತಿರಲಿಲ್ಲ.

ಇದೇನೋ ಪರೀಕ್ಷೆಗೆ ಅಂತ ಹುಟ್ಟಿಸಿದ ಕಸರತ್ತು ಅಂದ್ಕೋಬೇಡಿ. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತೆ ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲಿ ಸೇರಿ ಸಿಪಿಎಂ (ಕ್ರಿಟಿಕಲ್ ಪಾತ್ ಮೆಥಡ್) ಕಟ್ಟಿದಾಗ ಅವರ ತಲೇಲಿ ಇದ್ದಿದ್ದೇ ಈ ಟೈಮ್-ಕಾಸ್ಟ್ ಪ್ರಶ್ನೆ, ಎಷ್ಟು ಬೇಗ ಮಾಡಿದ್ರೆ ಎಷ್ಟು ಜಾಸ್ತಿ ಖರ್ಚು ಅಂತ. ನೀವು ಅದನ್ನ ಬಿಟ್ಟು ಬಾರ್ ಚಾರ್ಟಿಗೆ ಬಣ್ಣ ಹಚ್ಚೋದಕ್ಕೆ ಜಾಸ್ತಿ ಟೈಮ್ ಕೊಡ್ತೀರಿ.

ಇನ್ನು ಕ್ರ್ಯಾಶ್ ಮಾಡೋಕೆ ಆಗುತ್ತಾ ಇಲ್ವಾ ಅಂತಾನೇ ಯೋಚನೆ ಮಾಡದೆ ಟೇಬಲ್ ತುಂಬೋರು ಇದ್ದಾರೆ. 8 ದಿನದ ಕಾಲಮ್ ಕೆಲಸಕ್ಕೆ ಜನ ಡಬಲ್ ಮಾಡಿದ್ರೆ 4 ದಿನ ಅಂತ ಬರೀತಾರೆ. ಶಟರಿಂಗ್ ಸೆಟ್ಟೂ ಡಬಲ್ ಬೇಕು, ಕ್ರೇನ್ ಒಂದೇ ಇದ್ರೆ ಕಂಬಿ ಕಟ್ಟೋರು ಕಾಯ್ತಾ ನಿಂತಿರ್ತಾರೆ, ಇಕ್ಕಟ್ಟಿನ ಜಾಗದಲ್ಲಿ ಒಬ್ಬರ ಕಾಲಿಗೆ ಒಬ್ಬರು ಸಿಕ್ಕಿ ಇದ್ದ ಸ್ಪೀಡೂ ಹೋಗುತ್ತೆ. ಒಬ್ಬ ಮಹಾನುಭಾವ ಅಂತೂ ಕ್ಯೂರಿಂಗನ್ನೇ (ಕಾಂಕ್ರೀಟನ್ನ ಒದ್ದೆಯಾಗಿ ಇಡೋದು) ಎಕ್ಸ್‌ಟ್ರಾ ಲೇಬರ್ ಹಾಕಿ ಕ್ರ್ಯಾಶ್ ಮಾಡಿದ್ದ! ಕೇಳಿದ್ರೆ ಫ್ಯಾನ್ ಇಟ್ಟು ಬೇಗ ಒಣಗಿಸ್ತೀವಿ ಸರ್ ಅಂದ. ಕಾಂಕ್ರೀಟ್ ಒಣಗಿ ಗಟ್ಟಿ ಆಗೋದಲ್ಲ ಮಾರಾಯ್ರೆ, ಸಿಮೆಂಟ್ ನೀರಿನ ಜೊತೆ ರಿಯಾಕ್ಟ್ ಆಗಿ ಗಟ್ಟಿ ಆಗೋದು, ಒಣಗಿಸಿದ್ರೆ ಆ ರಿಯಾಕ್ಷನ್ನೇ ನಿಲ್ಲುತ್ತೆ. ಬೇಗ ಸ್ಟ್ರೆಂತ್ ಬೇಕಿದ್ರೆ ಮಿಕ್ಸ್ ಬದಲಾಯಿಸಿ, ರ‍್ಯಾಪಿಡ್ ಹಾರ್ಡನಿಂಗ್ ಸಿಮೆಂಟ್ ತಗೊಳ್ಳಿ, ಅದರ ರೇಟ್ ಬೇರೆ ಹಾಕಿ. ಲೇಬರ್ ರೇಟ್ ಹಾಕ್ಬೇಡಿ.

ಸಾಫ್ಟ್‌ವೇರ್ ವಿಷಯಾನೂ ಇಲ್ಲೇ ಮುಗಿಸ್ತೀನಿ. "ಸಾಫ್ಟ್‌ವೇರೇ ಹಂಗೆ ತೋರಿಸ್ತು" ಅನ್ನೋದು ಉತ್ತರ ಅಲ್ಲ. ಅದು ಕೋಲೆಬಸವ, ನೀವು ಕೊಟ್ಟ ಲಾಜಿಕ್ಕಿಗೆ ತಲೆ ಆಡಿಸುತ್ತೆ. ಕೊನೆ ಡೇಟ್ ಸರಿಯಾಗಿ ಕಾಣ್ಲಿ ಅಂತ "ಮಸ್ಟ್ ಫಿನಿಶ್ ಆನ್" ಕನ್‌ಸ್ಟ್ರೇಂಟ್ ಹಾಕಿರ್ತೀರಿ, ನೆಗೆಟಿವ್ ಫ್ಲೋಟ್ (ಆ ಡೇಟಿಗೆ ಮುಗಿಯಲ್ಲ ಅನ್ನೋ ಸೂಚನೆ) ಬಂದ್ರೆ ಟೇಬಲ್ಲಲ್ಲಿ ಫ್ಲೋಟ್ ತೋರಿಸೋ ಸಾಲನ್ನೇ ಹೈಡ್ ಮಾಡಿ ಪ್ರಿಂಟ್ ತೆಗೀತೀರಿ, ಅದು ನಮಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೀರಾ? ಮೊದಲನೇದು ಕೊನೇದು ಬಿಟ್ಟು ಪ್ರತಿ ಆಕ್ಟಿವಿಟಿಗೂ ಹಿಂದೊಂದು ಮುಂದೊಂದು ಲಿಂಕ್ ಇರ್ಲೇಬೇಕು. ಮುಂದೆ ಲಿಂಕ್ ಇಲ್ಲದೆ ತೂಗಾಡ್ತಿರೋ ಆಕ್ಟಿವಿಟಿ ಎಷ್ಟು ಲೇಟಾದ್ರೂ ಪ್ರಾಜೆಕ್ಟಿಗೆ ಏನೂ ಆಗದ ಹಾಗೆ ತೋರಿಸುತ್ತೆ. ಕ್ಯಾಲೆಂಡರ್ ಕೂಡ ನೋಡಿ, ಜನಕ್ಕೆ ವಾರದ ರಜೆ ಇದೆ, ಕ್ಯೂರಿಂಗ್‌ಗೆ ರಜೆ ಇಲ್ಲ. ನನ್ನ ಮಾತು ಕೇಳೋದಾದ್ರೆ ಇಪ್ಪತ್ತು ಆಕ್ಟಿವಿಟಿ ಒಳಗಿನ ನೆಟ್‌ವರ್ಕನ್ನ ಮೊದಲು ಕೈಯಲ್ಲಿ ಮಾಡಿ, ಆಮೇಲೆ ಸಾಫ್ಟ್‌ವೇರಿಗೆ ಹಾಕಿ, ಎರಡು ಉತ್ತರ ಬೇರೆ ಬಂದ್ರೆ ಯಾಕೆ ಅಂತ ಹುಡುಕಿ. ಆ ಹುಡುಕಾಟದಲ್ಲಿ ಕಲಿಯೋದು ಲೆಕ್ಚರಲ್ಲಿ ಸಿಗಲ್ಲ.

ಪ್ರಶ್ನೆ: ಪ್ರತಿ ಸ್ಲ್ಯಾಬ್ ಆದ್ಮೇಲೂ ಶೆಡ್ಯೂಲಲ್ಲಿ 28 ದಿನ ಲ್ಯಾಗ್ (ಮುಂದಿನ ಕೆಲಸಕ್ಕೆ ಮುಂಚೆ ಕಾಯೋ ಅವಧಿ) ಕೊಡ್ಬೇಕಾ?

ಬೇಡ. 28 ದಿನ ಅನ್ನೋದು ಸ್ಟ್ರೆಂತ್ ಟೆಸ್ಟಿನ ವಯಸ್ಸು. ಶಟರಿಂಗ್ ಬಿಚ್ಚೋದು, ಪ್ರಾಪ್ಸ್ ತೆಗೆಯೋದು, ಮೇಲಿನ ಫ್ಲೋರ್ ಕೆಲಸ ಶುರು ಮಾಡೋದು, ಪ್ರತಿಯೊಂದಕ್ಕೂ ಬೇರೆ ಬೇರೆ ಅವಧಿ. ಸ್ಪೆಸಿಫಿಕೇಶನ್ ಓದಿ.

ಪ್ರಶ್ನೆ: ಪರ್ಟ್ (ಪ್ರತಿ ಕೆಲಸಕ್ಕೂ ಮೂರು ಅಂದಾಜು ಇಟ್ಟು ಅವಧಿ ತೆಗೆಯೋ ವಿಧಾನ) ಲೆಕ್ಕದಲ್ಲಿ ಡೆಡ್‌ಲೈನಿಗೆ ಮುಗಿಯೋ ಸಾಧ್ಯತೆ ಸರಿಯಾಗಿ 50 ಪರ್ಸೆಂಟ್ ಬಂತು, ಡೌಟ್ ಆಗ್ತಿದೆ.

ನಿಮ್ಮ ಡೆಡ್‌ಲೈನೂ ಎಕ್ಸ್‌ಪೆಕ್ಟೆಡ್ ಟೈಮೂ ಒಂದೇ ಇದ್ರೆ ಝಡ್ (ಡೆಡ್‌ಲೈನ್ ಎಕ್ಸ್‌ಪೆಕ್ಟೆಡ್ ಟೈಮಿಂದ ಎಷ್ಟು ದೂರ ಅನ್ನೋ ಅಳತೆ) ಸೊನ್ನೆ, ಉತ್ತರ 50 ಬಂದೇ ಬರುತ್ತೆ. ಡೌಟ್ ಪಡಬೇಕಾದ್ದು ಅದಕ್ಕಲ್ಲ. ಆ 50 ಒಂದೇ ಒಂದು ದಾರಿ ಲೆಕ್ಕ. ಅಷ್ಟೇ ಉದ್ದದ ಇನ್ನೊಂದು ದಾರಿ ಇದ್ದು, ಒಂದಕ್ಕೊಂದು ಸಂಬಂಧ ಇಲ್ಲದೆ ನಡೀತಿದ್ರೆ ಎರಡೂ ಟೈಮಿಗೆ ಮುಗಿಯೋ ಸಾಧ್ಯತೆ 25 ಪರ್ಸೆಂಟ್. ಈ ಒಂದು ಸಾಲು ರಿಪೋರ್ಟಲ್ಲಿ ಬರೆದೋರನ್ನ ನಾನು ನೋಡಿರೋದು ಬಹಳ ಕಮ್ಮಿ. ಅಂದಹಾಗೆ ಪರ್ಟ್ ಹುಟ್ಟಿದ್ದು 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಕಾರ್ಯಕ್ರಮಕ್ಕೆ, ಯಾವ ಕೆಲಸ ಎಷ್ಟು ದಿನ ಅಂತ ಯಾರಿಗೂ ಗೊತ್ತಿಲ್ಲದ ಜಾಗಕ್ಕೆ. ಇಟ್ಟಿಗೆ ಗೋಡೆಗೆ ಮೂರು ಅಂದಾಜು ಊಹಿಸಿ ಬರೆಯೋದು ಬಿಟ್ಟು ಮೇಸ್ತ್ರಿನ ಕೇಳಿದ್ರೆ ಒಂದೇ ಅಂದಾಜಲ್ಲಿ ಕೆಲಸ ಆಗುತ್ತೆ.

ಪ್ರಶ್ನೆ: ಕೇಸ್ ಸ್ಟಡಿ ಪ್ರಾಜೆಕ್ಟ್ ಮುಗಿದಾಗ ಎಸ್‌ಪಿಐ (ಶೆಡ್ಯೂಲ್ ಪರ್ಫಾರ್ಮೆನ್ಸ್ ಇಂಡೆಕ್ಸ್, ಅರ್ನ್ಡ್ ವ್ಯಾಲ್ಯೂನ ಪ್ಲ್ಯಾನ್ಡ್ ವ್ಯಾಲ್ಯೂಯಿಂದ ಭಾಗಿಸಿದ್ದು) 1 ಬಂದಿದೆ, ಟೈಮಿಗೆ ಮುಗೀತು ಅಂತ ಬರೀಬಹುದಾ?

ಬರೀಬೇಡಿ. ಒಂದು ವರ್ಷ ಲೇಟಾಗಿ ಮುಗಿದ ಪ್ರಾಜೆಕ್ಟಿಗೂ ಕೊನೇಲಿ 1 ಬರುತ್ತೆ, ಯಾಕಂದ್ರೆ ಕೆಲಸ ಎಲ್ಲಾ ಮುಗಿದ್ಮೇಲೆ ಅರ್ನ್ಡ್ ವ್ಯಾಲ್ಯೂನೂ (ಮುಗಿದ ಕೆಲಸದ ಬೆಲೆ) ಪ್ಲ್ಯಾನ್ಡ್ ವ್ಯಾಲ್ಯೂನೂ (ಅಷ್ಟೊತ್ತಿಗೆ ಮುಗೀಬೇಕಿದ್ದ ಕೆಲಸದ ಬೆಲೆ) ಒಂದೇ.

ಪ್ರಶ್ನೆ: ಬಿಐಎಂ (ಕಟ್ಟಡದ ಡಿಜಿಟಲ್ ಮಾಡೆಲ್ ಮಾಡೋದು) ಸರ್ಟಿಫಿಕೇಟ್ ಇದ್ರೆ ಎಸ್ಟಿಮೇಶನ್ ಕಲೀದಿದ್ರೂ ನಡೆಯುತ್ತಾ?

ಇಲ್ಲ.

ಪ್ರಶ್ನೆ: ದುಡ್ಡು ಕೊಟ್ರೆ ರೆಡಿ ಪ್ರಾಜೆಕ್ಟ್ ರಿಪೋರ್ಟ್ ಮಾಡ್ಕೊಡ್ತಾರೆ, ಸಿಕ್ಕಿಬೀಳ್ತೀವಾ?

ಸಿಕ್ಕಿಬೀಳ್ತೀರಿ. ಆ ಅಂಗಡಿಗಳಲ್ಲಿ ಒಂದೇ ಬಿಲ್ಡಿಂಗ್ ಹತ್ತಾರು ಜನಕ್ಕೆ ಮಾರಾಟ ಆಗಿರುತ್ತೆ, ಹೆಸರು ಮಾತ್ರ ಬದಲು. ಡ್ರಾಯಿಂಗಲ್ಲಿ ಬೇಸ್‌ಮೆಂಟೇ ಇಲ್ಲ, ಕ್ವಾಂಟಿಟಿ ಶೀಟಲ್ಲಿ ರಿಟೇನಿಂಗ್ ವಾಲ್ ಕಾಂಕ್ರೀಟ್ ಇರುತ್ತೆ. ವೈವಾದಲ್ಲಿ ನಾನು ಮೊದಲು ಕೇಳೋದೇ ಯಾವುದೋ ಒಂದು ಆಕ್ಟಿವಿಟಿ ತೋರಿಸಿ ಇದಕ್ಕೆ ಇಷ್ಟು ದಿನ ಎಲ್ಲಿಂದ ಬಂತು ಅಂತ. ಕ್ವಾಂಟಿಟಿ ಎಷ್ಟು, ಒಂದು ಗ್ಯಾಂಗ್ ದಿನಕ್ಕೆ ಎಷ್ಟು ಮಾಡುತ್ತೆ, ಎಷ್ಟು ಗ್ಯಾಂಗ್, ಇಷ್ಟೇ. ಸ್ವಂತ ಮಾಡಿದೋರು ತಪ್ಪೋ ಸರಿಯೋ ಏನಾದ್ರೂ ಹೇಳ್ತಾರೆ, ಕೊಂಡ್ಕೊಂಡೋರು ಗೈಡ್ ಮುಖ ನೋಡ್ತಾರೆ. ಈಗ ಎಐ ಹತ್ರ ಬರೆಸ್ಕೊಂಡು ಬರೋರಿಗೂ ಅದೇ ಪ್ರಶ್ನೆ.

ಪ್ರಶ್ನೆ: ಡೆಸರ್ಟೇಶನ್‌ಗೆ "ನಿರ್ಮಾಣ ಕಾಮಗಾರಿ ವಿಳಂಬಕ್ಕೆ ಕಾರಣಗಳು" ತಗೊಂಡಿದ್ದೀನಿ. ಕ್ವೆಶ್ಚನೇರ್ ಕೊಟ್ಟು ರಿಲೇಟಿವ್ ಇಂಪಾರ್ಟೆನ್ಸ್ ಇಂಡೆಕ್ಸ್ (ಜನ ಕೊಟ್ಟ ಅಂಕದಿಂದ ಕಾರಣಗಳಿಗೆ ಸ್ಥಾನ ಕೊಡೋ ಲೆಕ್ಕ) ತೆಗೆದ್ರೆ ಸಾಕಲ್ವಾ ಸರ್?

ಅಯ್ಯೋ, ಮತ್ತೆ ಅದೇನಾ. ದೇಶ ದೇಶಗಳಲ್ಲಿ ಇದನ್ನ ಮಾಡಿ ಮಾಡಿ ಗುಡ್ಡೆ ಹಾಕಿದ್ದಾರೆ. ಪೇಮೆಂಟ್ ಲೇಟು, ಡಿಸೈನ್ ಬದಲಾವಣೆ, ಪ್ಲ್ಯಾನಿಂಗ್ ಸರಿಯಿಲ್ಲ, ಈ ಮೂರೂ ಮೇಲ್ಗಡೆನೇ ಎಲ್ಲೋ ಬರುತ್ತೆ ಅಂತ ನೀವು ಫಾರ್ಮ್ ಹಂಚೋಕೆ ಮುಂಚೆನೇ ಹೇಳ್ತೀನಿ. ಕಾಂಟ್ರಾಕ್ಟರ್‌ನ ಕೇಳಿದ್ರೆ ಓನರ್ ತಪ್ಪು ಅಂತಾನೆ, ಓನರ್‌ನ ಕೇಳಿದ್ರೆ ಕಾಂಟ್ರಾಕ್ಟರ್ ತಪ್ಪು ಅಂತಾನೆ, ನೀವು ಎರಡನ್ನೂ ಕೂಡಿಸಿ ಸರಾಸರಿ ತೆಗೆದು ರ‍್ಯಾಂಕ್ ಕೊಡ್ತೀರಿ. ಯಾರ ಅಭಿಪ್ರಾಯ ಏನು ಅಂತ ಗೊತ್ತಾಯ್ತೇ ಹೊರತು ಕೆಲಸ ಯಾಕೆ ಲೇಟಾಯ್ತು ಅಂತ ಗೊತ್ತಾಗ್ಲಿಲ್ಲ.

ಅದರ ಬದಲು ಒಂದೇ ಒಂದು ಪ್ರಾಜೆಕ್ಟ್ ಹಿಡೀರಿ, ಸಣ್ಣದಾದ್ರೂ ಪರವಾಗಿಲ್ಲ. ಬೇಸ್‌ಲೈನ್ ಶೆಡ್ಯೂಲ್ (ಶುರುವಲ್ಲಿ ಒಪ್ಪಿದ ಪ್ಲ್ಯಾನ್) ಜೊತೆಗೆ ತಿಂಗಳು ತಿಂಗಳಿನ ಅಪ್‌ಡೇಟ್ ಫೈಲುಗಳೂ ಬೇಕು ಅಂತ ಕೇಳಿ, ಬರೀ ಬೇಸ್‌ಲೈನ್ ಕೊಟ್ರೆ ಬೇಡ ಅನ್ನಿ, ಅದ್ರಲ್ಲಿ ಏನೂ ಸಿಗಲ್ಲ. ಪ್ರತಿ ತಿಂಗಳೂ ಕ್ರಿಟಿಕಲ್ ಪಾತ್ ಎಲ್ಲಿತ್ತು, ಮುಂದಿನ ತಿಂಗಳು ಎಲ್ಲಿಗೆ ಹೋಯ್ತು, ಆ ಮಧ್ಯೆ ಸೈಟ್ ಡೈರಿ ಮತ್ತೆ ಪತ್ರ ವ್ಯವಹಾರದಲ್ಲಿ ಏನು ಬರೆದಿದೆ, ಇದನ್ನ ಪಕ್ಕಪಕ್ಕ ಇಟ್ಟು ನೋಡಿ. ಕಂಪನಿ ಹೆಸರು ಹಾಕಲ್ಲ ಅಂತ ಮೊದಲೇ ಬರೆದು ಕೊಡಿ, ಇಲ್ಲಾಂದ್ರೆ ಯಾರೂ ಫೈಲ್ ಕೊಡಲ್ಲ, ಕ್ಲೇಮ್ (ಟೈಮ್, ದುಡ್ಡಿನ ತಕರಾರು) ನಡೀತಿರೋ ಪ್ರಾಜೆಕ್ಟ್ ಅಂತೂ ಕೇಳೋಕೇ ಹೋಗ್ಬೇಡಿ. ಮತ್ತೆ ಫೈಲ್ ಕೈಗೆ ಬರೋವರೆಗೂ ಗೈಡ್ ಹತ್ರ ಟೈಟಲ್ ಫೈನಲ್ ಮಾಡಿಸ್ಬೇಡಿ.