ನೀರು ಬಿಸಿಯಾದರೆ ಹಳ್ಳಕ್ಕೆ ಬಿದ್ದ ಎಲೆ ಬೇಗ ಕೊಳೆಯುತ್ತದೆ, ಅಲ್ವಾ? ಲೋಹವೂ ಸೇರಿದರೆ?

ಬರೀ ಬಿಸಿಯಾದರೆ, ಒಂದು ಮಿತಿಯವರೆಗೆ ಹೌದು. ಲೋಹ ಸೇರಿದರೆ ಲೆಕ್ಕ ಬದಲಾಗುತ್ತದೆ.

ನೀರಿಗೆ ಬಿದ್ದ ಎಲೆಯ ಮೇಲೆ ಮೊದಲು ಒಂದು ಬಗೆಯ ಬೂಸ್ಟು ಬೆಳೆದು ಅದನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಹುಳು, ಏಡಿಗಳು ಹರಿದು ತಿನ್ನುತ್ತವೆ. ಅವುಗಳನ್ನು ಮೀನು ತಿನ್ನುತ್ತದೆ. ಹಾಗಾಗಿ ಇದು ಸುಮ್ನೆ ಕಸ ಕೊಳೆಯುವ ವಿಷಯ ಅಲ್ಲ, ಹಳ್ಳದ ಊಟದ ವಿಷಯ.

ಬೆಚ್ಚಗಿನ ನೀರಲ್ಲಿ ಬೂಸ್ಟಿನ ಕೆಲಸ ಜೋರು. ಆದರೆ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ, 30ರಲ್ಲಿ ಸುಮಾರು 7.5 ಮಾತ್ರ. ನೀರಲ್ಲಿ ಸತು, ತಾಮ್ರ, ಕ್ಯಾಡ್ಮಿಯಂನಂಥ ಲೋಹ ಜಾಸ್ತಿಯಾದರೆ ಬೂಸ್ಟು ಬದುಕಿದ್ದರೂ ಬೀಜಕ (ಬೂಸ್ಟು ಹರಡುವ ಸಣ್ಣ ಕಣ) ಬಿಡುವುದು ಕುಗ್ಗುತ್ತದೆ, ಸೂಕ್ಷ್ಮ ಜಾತಿಗಳು ಮಾಯವಾಗುತ್ತವೆ. ಬಿಸಿಗೆ ಹುಳುಗಳ ಉಸಿರಾಟ ಹೆಚ್ಚುವುದರಿಂದ ಅವುಗಳ ಮೈಗೆ ಲೋಹವೂ ಹೆಚ್ಚು ಸೇರಬಹುದು. ಆಗ ಬಿಸಿಯಿಂದ ಬಂದ ವೇಗವನ್ನು ಲೋಹ ತಿಂದುಹಾಕಬಹುದು, ಎಲೆ ಕೊಳೆಯುವುದು ನಿಧಾನವಾಗಬಹುದು.

ನಾನಿರುವ ಗೋವಾದಲ್ಲಿ ಗಣಿಗಳು ಮುಖ್ಯವಾಗಿ ಕಬ್ಬಿಣ, ಮ್ಯಾಂಗನೀಸಿನವು. ಗಣಿಗಳಿರುವ ಬಿಚೋಲಿಂ ಕಡೆ ಮಳೆಗಾಲದ ಕೆಂಪು ಕೆಸರು ನೀರು ನೋಡಿದರೆ ಸಂಕಟವಾಗುತ್ತದೆ. ಆ ಕೆಸರು ಎಲೆಯನ್ನು ಮುಚ್ಚಿದರೆ ಬೂಸ್ಟಿಗೆ ಆಮ್ಲಜನಕ ಸಿಗುವುದೇ ಕಷ್ಟ.