ಗಾಡಿ ಒಂದೇ ವೇಗದಲ್ಲಿ ಹೋದರೂ ಬೆವರು ಯಾಕೆ?

ಪ್ರಶ್ನೆ: ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ತಳ್ಳುಗಾಡಿಯಲ್ಲಿ ಚೀಲ ಸಾಗಿಸುವವನು. ಮಗಳು ಒಂಬತ್ತನೇ ತರಗತಿ. ‘ಬಲ ಅಂದ್ರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಗಾಡಿ ಒಂದೇ ವೇಗದಲ್ಲಿ ಹೋಗ್ತಿದ್ರೆ ವೇಗೋತ್ಕರ್ಷ ಸೊನ್ನೆ. ಹಂಗಾದ್ರೆ ಬಲಾನೂ ಸೊನ್ನೆ ಅಪ್ಪಾ’ ಅಂತಾಳೆ. ನನಗೆ ದಾರಿಯುದ್ದಕ್ಕೂ ಬೆವರು ಇಳಿಯುತ್ತೆ. ಪುಸ್ತಕ ತಪ್ಪಾ, ನಾನು ತಪ್ಪಾ?

ಉತ್ತರ: ಇಬ್ಬರೂ ಸರಿ. ನಡುವೆ ಒಂದು ಮಾತು ಬಿಟ್ಟುಹೋಗಿದೆ, ಅಷ್ಟೇ. ದ್ರವ್ಯರಾಶಿ ಅಂದರೆ ಕಿಲೊದಲ್ಲಿ ಅಳೆಯುವ ವಸ್ತುವಿನ ಪ್ರಮಾಣ, ವೇಗೋತ್ಕರ್ಷ ಅಂದರೆ ಒಂದು ಸೆಕೆಂಡಿನಲ್ಲಿ ವೇಗ ಎಷ್ಟು ಬದಲಾಯಿತು ಅನ್ನೋದು. ಸೂತ್ರದಲ್ಲಿರುವ ‘ಬಲ’ ಅಂದರೆ ಗಾಡಿಯ ಮೇಲೆ ಬೀಳುವ ಎಲ್ಲ ಬಲಗಳನ್ನೂ ಕೂಡಿ ಕಳೆದ ಮೇಲೆ ಉಳಿಯುವ ಬಲ. ನೀವು ಮುಂದಕ್ಕೆ ತಳ್ಳುತ್ತೀರಿ. ಟೈರು, ಬೇರಿಂಗು, ರಸ್ತೆಯ ಉಬ್ಬುತಗ್ಗು ಎಲ್ಲ ಸೇರಿ ಹಿಂದಕ್ಕೆ ತಡೆಯುತ್ತವೆ. ಈ ತಡೆಯನ್ನು ಒಟ್ಟಾಗಿ ಘರ್ಷಣೆ ಅನ್ನೋಣ. ಎರಡೂ ಸಮವಾದಾಗ ಉಳಿಕೆ ಸೊನ್ನೆ, ಗಾಡಿ ಒಂದೇ ವೇಗದಲ್ಲಿ ಸಾಗುತ್ತದೆ. ನಿಮ್ಮ ಬೆವರೆಲ್ಲ ಘರ್ಷಣೆಯ ಲೆಕ್ಕಕ್ಕೆ ಹೋಗುತ್ತಿದೆ.

ತಳ್ಳದಿದ್ದರೆ ಯಾವುದೂ ಓಡಲ್ಲ ಅಂತ ಗ್ರೀಸಿನ ಅರಿಸ್ಟಾಟಲ್ ಕೂಡ ನಂಬಿದ್ದ. ಆ ನಂಬಿಕೆ ಸುಮಾರು 2000 ವರ್ಷ ಉಳಿಯಿತು. ಘರ್ಷಣೆಯೇ ಇಲ್ಲದಿದ್ದರೆ ಓಡುವ ವಸ್ತು ಓಡುತ್ತಲೇ ಇರುತ್ತದೆ ಅಂತ ಗೆಲಿಲಿಯೊ ವಾದಿಸಿದ. ನ್ಯೂಟನ್ 1687ರಲ್ಲಿ ಅದನ್ನು ನಿಯಮವಾಗಿ ಬರೆದ. ಬಲ ಬೇಕಾಗುವುದು ವೇಗ ಬದಲಾಗಲು.

ಈಗ ನಿಮ್ಮ ಗಾಡಿಗೇ ಬರೋಣ. ಗಾಡಿ 80 ಕಿಲೊ, ಮೇಲೆ 50 ಕಿಲೊದ ನಾಲ್ಕು ಮೆಕ್ಕೆಜೋಳದ ಚೀಲ. ಒಟ್ಟು 280 ಕಿಲೊ. ನಿಂತ ಗಾಡಿಗೆ 2 ಸೆಕೆಂಡಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗ ಬರಬೇಕು ಅಂದುಕೊಳ್ಳಿ. ಅಂದರೆ ವೇಗೋತ್ಕರ್ಷ 0.5. ದ್ರವ್ಯರಾಶಿಗೆ ಗುಣಿಸಿದರೆ 140 ನ್ಯೂಟನ್ (ಬಲವನ್ನು ಅಳೆಯುವ ಮಾನ). ಅಂಗೈ ಮೇಲೆ 100 ಗ್ರಾಂ ಇಟ್ಟರೆ ಆಗುವ ಭಾರ ಸುಮಾರು 1 ನ್ಯೂಟನ್. ಘರ್ಷಣೆ 80 ನ್ಯೂಟನ್ ಇದೆ ಅಂತ ಹಿಡಿದರೆ, ಹೊರಡುವಾಗ ನೀವು ಹಾಕಬೇಕಾದ್ದು 220. ಗಾಡಿ ಓಡತೊಡಗಿದ ಮೇಲೆ ಬರೀ 80. ಮೊದಲ ಎರಡು ಹೆಜ್ಜೆಗೇ ಸೊಂಟ ಹಿಡಿಯೋದು ಇದಕ್ಕೇ ಅಲ್ವಾ! ಬೇರಿಂಗಿಗೆ ಗ್ರೀಸ್ ಹಾಕಿ ಟೈರಿಗೆ ಗಾಳಿ ತುಂಬಿಸಿದರೆ ಆ 80 ಇನ್ನೂ ಇಳಿಯುತ್ತದೆ. ಆದರೆ 140 ಇಳಿಯಲ್ಲ, ಅದು ದ್ರವ್ಯರಾಶಿಯ ಪಾಲು.

ಮಂಡಕ್ಕಿ ಚೀಲ ಹೇರಿದ ದಿನ ನೋಡಿ. ನಿಮ್ಮ ತಲೆಗಿಂತ ಎತ್ತರ ಇರುತ್ತದೆ, ಆದರೆ ಒಟ್ಟು ಮಂಡಕ್ಕಿ 40 ಕಿಲೊ ಅಂದರೆ ಗಾಡಿ ಸೇರಿ 120 ಕಿಲೊ. ಅದೇ ವೇಗಕ್ಕೆ ಬರಲು 60 ನ್ಯೂಟನ್ ಉಳಿಕೆ ಸಾಕು. ಗಾತ್ರಕ್ಕೆ ಈ ಸೂತ್ರದಲ್ಲಿ ಜಾಗವೇ ಇಲ್ಲ. ಮಗಳಿಗೆ ಇದನ್ನು ತೋರಿಸಿ, ಯಾವ ಪ್ರಯೋಗಾಲಯಕ್ಕೂ ಕಡಿಮೆಯಿಲ್ಲ.

ನಿಲ್ಲಿಸುವ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಯಾಕಂದ್ರೆ ಭುಜ ಉಳುಕೋದು ಅಲ್ಲೇ ಜಾಸ್ತಿ. ಎದುರಿಗೆ ಬೈಕ್ ನುಗ್ಗಿತು, ಸೆಕೆಂಡಿಗೆ 1 ಮೀಟರ್ ವೇಗದಲ್ಲಿದ್ದ ಜೋಳದ ಗಾಡಿಯನ್ನು ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಿದಿರಿ ಅನ್ನಿ. ಅದಕ್ಕೆ 560 ನ್ಯೂಟನ್ ಬೇಕು. ಈಗ ಘರ್ಷಣೆ ನಿಮ್ಮ ಕಡೆಗೇ ಇರುತ್ತದೆ, 80 ಅದು ಕೊಡುತ್ತದೆ. ಉಳಿದ 480 ನಿಮ್ಮ ತೋಳಿನ ಮೇಲೆ, ಹೆಚ್ಚುಕಮ್ಮಿ ಒಂದು ಚೀಲ ಜೋಳದ ಭಾರ. ಅದೇ 2 ಸೆಕೆಂಡು ತಗೊಂಡು, ಅಂದರೆ ಒಂದು ಮೀಟರ್ ಮೊದಲೇ ಹಿಡಿಯಲು ಶುರು ಮಾಡಿದರೆ, ನಿಮ್ಮ ಪಾಲಿಗೆ ಬರೋದು ಬರೀ 60.